ಪ್ರಕರಣ ಮೀಮಾಂಸೆ: ರಾಯಬಾಗ ಸಂಪ್ರದಾಯದಲ್ಲಿ ಕೇಸ್ ಸ್ಟಡಿ

ವ್ಯಾಕರಣಕ್ಕೆ ಪಾಣಿನಿಯೂ, ಅಲಂಕಾರಕ್ಕೆ ಭಾಮಹ ದಂಡಿಗಳೂ, ಗಣಿತಕ್ಕೆ ಭಾಸ್ಕರಾಚಾರ್ಯನೂ, ಕಡುಬು ಹೋಳಿಗೆಗಳಿಗೆ ಸಹ ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಕಟ್ಟಿಕೊಟ್ಟ ಮೂರನೆಯ ಮಂಗರಸನೂ ದೊರೆತಿರುವ ಈ ನಾಡಿನಲ್ಲಿ, ರಾಯಬಾಗ, ಚಿಕ್ಕೋಡಿ, ಅಥಣಿ, ನಿಪ್ಪಾಣಿ, ಕಾಗವಾಡ ಭಾಗದ ವಾಣಿಜ್ಯ ವಿದ್ಯಾರ್ಥಿಗಳು ಸೆಮಿಸ್ಟರಿಗೊಮ್ಮೆ ಸ್ಪೈರಲ್ ಬೈಂಡಿಂಗ್ ಮಾಡಿಸಿ ಗುರುಗಳ ಮೇಜಿನ ಮೇಲೆ ಒಟ್ಟುವ ‘ಕೇಸ್ ಸ್ಟಡಿ’ ಎಂಬ ಗ್ರಂಥರಾಶಿಗೆ ಇಂದಿನವರೆಗೆ ಒಬ್ಬ ಲಕ್ಷಣಕಾರನೂ ಹುಟ್ಟದೆ ಹೋದುದು ವಿದ್ವಲ್ಲೋಕವು ತಲೆತಗ್ಗಿಸಬೇಕಾದ ಸಂಗತಿ. ಆ ಕೊರತೆಯನ್ನು ನೀಗುವ ಅಧಿಕಾರ ನಿನಗೆಲ್ಲಿಂದ ಬಂತೆಂದು ಕೇಳುವವರಿಗೆ, ಅಧಿಕಾರವಿಲ್ಲದಿರುವುದೇ ಈ ಶಾಸ್ತ್ರಕ್ಕೆ ಪ್ರವೇಶಾರ್ಹತೆಯೆಂಬುದನ್ನು ಈಗಲೇ ಸ್ಥಾಪಿಸಿ ತೋರಿಸುತ್ತೇನೆ.

ಲಕ್ಷಣವನ್ನು ಹೇಳುವುದಾದರೆ: ತನಗೆ ಯಾವ ಅಧಿಕಾರವೂ ಇಲ್ಲದ ಸಂಸ್ಥೆಯೊಂದರಲ್ಲಿ, ಬಹುಶಃ ತಾನು ಹುಟ್ಟುವ ಮೊದಲೇ ಯಾರೋ ಕೈಗೊಂಡು ಮುಗಿಸಿದ ನಿರ್ಣಯವೊಂದನ್ನು ಕುರಿತು, ಕಾಲವಿನ್ನೂ ಮಿಂಚಿಲ್ಲವೆಂಬ ಭಾವದಿಂದ, ನಿಯತಸಂಖ್ಯೆಯ ಪುಟಗಳಲ್ಲಿ, ಅಂಕಗಳ ಅಪೇಕ್ಷೆಯಿಂದ ಕೊಡುವ ಸಲಹೆಯೇ ಕೇಸ್ ಸ್ಟಡಿ ವಿಶ್ಲೇಷಣೆ. ಇದರಲ್ಲಿ ‘ನಿಯತಸಂಖ್ಯೆಯ ಪುಟಗಳಲ್ಲಿ’ ಎಂಬ ವಿಶೇಷಣವನ್ನು ಬಿಟ್ಟರೆ, ರಾಯಬಾಗದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಪ್ರಧಾನಮಂತ್ರಿಗಳಿಗೆ ವಿದೇಶಾಂಗ ನೀತಿಯನ್ನು ಬೋಧಿಸುವ ಹಿರಿಯರಿಗೂ ಈ ಲಕ್ಷಣ ಸಲ್ಲುವುದರಿಂದ ಅತಿವ್ಯಾಪ್ತಿದೋಷ ಬರುತ್ತದೆ. ‘ಅಂಕಗಳ ಅಪೇಕ್ಷೆಯಿಂದ’ ಎಂಬುದನ್ನು ಬಿಟ್ಟರಂತೂ, ಲಕ್ಷಗಟ್ಟಲೆ ಶುಲ್ಕ ತೆಗೆದುಕೊಂಡು ಇದೇ ಕೆಲಸ ಮಾಡುವ ಸಲಹಾ ಸಂಸ್ಥೆಗಳಿಗೂ ನಮ್ಮ ಬಿ.ಬಿ.ಎ. ಮಕ್ಕಳಿಗೂ ಭೇದವೇ ಉಳಿಯದು. ಲಕ್ಷಣವು ನಿರ್ದುಷ್ಟವಾಯಿತು, ಇನ್ನು ಉಗಮದ ವಿಚಾರ.

ಪಾಶ್ಚಾತ್ಯರ ಮತ ಹೀಗಿದೆ. 1870ರಲ್ಲಿ ಹಾರ್ವರ್ಡಿನ ಕಾನೂನು ಶಾಲೆಯಲ್ಲಿ ಲ್ಯಾಂಗ್ಡೆಲ್ ಎಂಬ ಆಚಾರ್ಯನು ಉಪನ್ಯಾಸವನ್ನು ಬದಿಗಿಟ್ಟು, ನ್ಯಾಯಾಲಯದ ತೀರ್ಪುಗಳನ್ನೇ ಶಿಷ್ಯರ ಕೈಗೆ ಕೊಟ್ಟು, ‘ನೀವೇ ಹೇಳಿ’ ಎಂದು ಕೇಳತೊಡಗಿದನು. 1908ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ವ್ಯವಹಾರ ಶಾಲೆಯೊಂದು ಹುಟ್ಟಿತು. 1919ರಲ್ಲಿ ಅದರ ಮುಖ್ಯಸ್ಥನಾಗಿ ಬಂದ ವಾಲೇಸ್ ಡೋನಮ್ ತಾನು ಕಾನೂನು ಓದಿದವನಾದುದರಿಂದ, ವಕೀಲರಿಗೆ ಒಗ್ಗಿದ ಪದ್ಧತಿ ವ್ಯಾಪಾರಿಗಳಿಗೂ ಒಗ್ಗೀತೆಂದು ಬಗೆದನು. ಹೀಗೆ 1921ರಲ್ಲಿ ಬರೆಯಲ್ಪಟ್ಟ ಪ್ರಥಮ ಪ್ರಕರಣ ‘ಜನರಲ್ ಶೂ ಕಂಪನಿ’ ಎಂಬುದು. ಅದರ ಗಾತ್ರ ಒಂದೇ ಪುಟ. ನಮ್ಮ ಮಕ್ಕಳು ಕೃತಜ್ಞತಾ ಸಮರ್ಪಣೆಗೇ ಎರಡು ಪುಟ ಬಳಸುತ್ತಾರೆಂಬುದನ್ನು ನೆನೆದರೆ, ಶಾಸ್ತ್ರವು ಈ ನೂರು ವರ್ಷಗಳಲ್ಲಿ ಎಷ್ಟು ಪುಷ್ಟವಾಗಿ ಬೆಳೆದಿದೆಯೆಂಬುದು ತಿಳಿಯುತ್ತದೆ.

ಈ ಮತವನ್ನು ನಾನು ಪೂರ್ವಪಕ್ಷವೆಂದು ಮಾತ್ರ ಸ್ವೀಕರಿಸುತ್ತೇನೆ. ಸಿದ್ಧಾಂತವಾದರೋ ಬೇರೆ. ಶಾಸ್ತ್ರದ ಆದಿಪ್ರಕರಣವು ಪಾದರಕ್ಷೆಯನ್ನು ಕುರಿತದ್ದೆಂದು ಪ್ರತಿವಾದಿಗಳೇ ಒಪ್ಪಿದ್ದಾರೆ. ಪಾದರಕ್ಷೆಗಳಲ್ಲಿ ಕೊಲ್ಹಾಪುರಿ ಚಪ್ಪಲಿಯೇ ಸರ್ವಶ್ರೇಷ್ಠವೆಂಬುದನ್ನು ಕಾಲುಳ್ಳವರಾರೂ ಅಲ್ಲಗಳೆಯರು. ಕೊಲ್ಹಾಪುರದ ಹೆಸರಿನಲ್ಲಿ ಲೋಕವೆಲ್ಲ ಮೆಟ್ಟುವ ಚಪ್ಪಲಿಗಳು ಅಥಣಿ, ನಿಪ್ಪಾಣಿ, ಮದಭಾವಿಗಳ ಮನೆಮನೆಗಳಲ್ಲಿಯೂ ಸಿದ್ಧವಾಗುವುವೆಂಬುದು ಲೋಕಪ್ರಸಿದ್ಧ. ಆದಕಾರಣ ಕೇಸ್ ಸ್ಟಡಿಯ ಉಗಮಸ್ಥಾನ ಬೆಳಗಾವಿ ಜಿಲ್ಲೆಯ ಉತ್ತರಭಾಗವೆಂದು ಸಿದ್ಧವಾಗುತ್ತದೆ. ಇದಕ್ಕೆ ಶಾಸನಾಧಾರವಿಲ್ಲವೆಂದು ಮೂಗು ಮುರಿಯುವವರು, ಚರ್ಮವು ಶಿಲೆಯಂತೆ ಬಾಳುವ ವಸ್ತುವಲ್ಲವೆಂಬುದನ್ನು ಮರೆಯಬಾರದು. ರಾಯಬಾಗವು 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿಯೇ ಇದ್ದಿತೆಂಬ ಇತಿಹಾಸಾಂಶವೂ ನನ್ನ ವಾದಕ್ಕೆ ಪೋಷಕವಾಗಿದೆ. ಹೇಗೆ ಪೋಷಕವೆಂಬುದನ್ನು ಮುಂದಿನ ಪೀಳಿಗೆಯ ಸಂಶೋಧಕರು ಕಂಡುಕೊಳ್ಳಲಿ.

ಮೂಲವೆಲ್ಲಿಯದಾದರೂ ಆಗಲಿ, 1961ರಲ್ಲಿ ಅಹಮದಾಬಾದಿನಲ್ಲಿ ಹಾರ್ವರ್ಡಿನ ಸಹಯೋಗದಿಂದ ನಿರ್ವಹಣಾ ಸಂಸ್ಥೆ ನೆಲೆಗೊಂಡ ಮೇಲೆ ಈ ವಿದ್ಯೆ ಭಾರತದಲ್ಲಿ ಬೇರೂರಿ, ಕಾಲಕ್ರಮದಲ್ಲಿ ಕೃಷ್ಣಾತೀರದ ಮಹಾವಿದ್ಯಾಲಯಗಳನ್ನೂ ತಲುಪಿತು. ತಲುಪುವಾಗ ಒಂದು ರೂಪಾಂತರವನ್ನು ಹೊಂದಿತು. ಅಹಮದಾಬಾದಿನ ಪದ್ಧತಿಯಲ್ಲಿ ಪ್ರಕರಣದ ಪ್ರತಿಯನ್ನು ಎಲ್ಲರೂ ಮೊದಲೇ ಓದಿ ಬಂದು, ನಿರ್ಣಯ ಮಾಡಬೇಕಾದವನು ಯಾರು, ಅವನಿಗಿರುವ ಅವಧಿ ಎಷ್ಟು, ಅವನ ಕೈಯಲ್ಲಿರುವ ಹಣವೆಷ್ಟು ಎಂದು ತರಗತಿಯ ತುಂಬ ಜಗಳವಾಡುತ್ತಾರೆ. ಆಚಾರ್ಯನು ಪ್ರಶ್ನೆಗಳನ್ನು ಕೇಳುತ್ತಾನೆಯೇ ಹೊರತು ಉತ್ತರವನ್ನು ಹೇಳುವುದಿಲ್ಲ, ಏಕೆಂದರೆ ಒಂದೇ ಸರಿಯುತ್ತರವೆಂಬುದು ಇರುವುದೇ ಇಲ್ಲ. ರಾಯಬಾಗ ಸಂಪ್ರದಾಯದಲ್ಲಿ ಉತ್ತರವು ಮೊದಲು ದೊರೆಯುತ್ತದೆ, ಕಳೆದ ವರ್ಷದ ಕಡತದಲ್ಲಿ; ಪ್ರಕರಣವನ್ನು ಆಮೇಲೆ, ಸಾಧ್ಯವಾದರೆ, ಹುಡುಕುವುದುಂಟು.

ಇಲ್ಲಿ ಗ್ರಂಥಸಂಪಾದನೆಯ ಒಂದು ಗಹನವಾದ ಸಮಸ್ಯೆಯನ್ನು ಎತ್ತಿಕೊಳ್ಳಬೇಕಾಗಿದೆ. ಡಿ.ಎಲ್. ನರಸಿಂಹಾಚಾರ್ಯರು ಕನ್ನಡ ಗ್ರಂಥಸಂಪಾದನೆಯ ಸೂತ್ರಗಳನ್ನು ನಿರೂಪಿಸುವಾಗ ತಾಳೆಗರಿಗಳನ್ನು ಕಂಡಿದ್ದರೇ ಹೊರತು ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯನ್ನು ಕಂಡಿರಲಿಲ್ಲ. ಆ ಅಂಗಡಿಯ ಕಂಪ್ಯೂಟರಿನಲ್ಲಿ ಮಾತೃಕೆಯೊಂದಿದ್ದು, ವಿದ್ಯಾರ್ಥಿಯ ಹೆಸರು, ರಜಿಸ್ಟರ್ ನಂಬರು, ಕಂಪನಿಯ ಹೆಸರುಗಳನ್ನು ಮಾತ್ರ ಬದಲಿಸಿ ಪ್ರತಿಗಳನ್ನು ಇಳಿಸಲಾಗುತ್ತದೆ. ಲಿಪಿಕಾರನು ಅಂಗಡಿಯ ಹುಡುಗ, ಅವನಿಗೆ ಅವಸರ. ಅಥಣಿಯ ಚಪ್ಪಲಿ ಉದ್ಯಮವನ್ನು ಕುರಿತ ಒಂದು ಕಡತದ ಹದಿನಾಲ್ಕನೆಯ ಪುಟದಲ್ಲಿ, ‘ಆದ್ದರಿಂದ ಸಂಸ್ಥೆಯು ಮಹಾನಗರಗಳಲ್ಲಿ ಇನ್ನಷ್ಟು ಕಾಫಿ ಮಳಿಗೆಗಳನ್ನು ತೆರೆಯಬೇಕು’ ಎಂಬ ವಾಕ್ಯವನ್ನು ನಾನು ಕಂಡೆನು. ಸಾಮಾನ್ಯ ಓದುಗನು ಇದನ್ನು ಪ್ರಮಾದವೆಂದು ತಳ್ಳಿಬಿಟ್ಟಾನು. ಪಾಠಾಂತರಗಳನ್ನು ಬಲ್ಲವನಾದರೋ ಇದರಿಂದ ಮೂಲಪ್ರತಿಯು ಕಾಫಿಶಾಖೆಗೆ ಸೇರಿದ್ದೆಂದೂ, ಅದೇ ಪುಟದಲ್ಲಿ ‘ಟಾಯರಿನ ಗುಣಮಟ್ಟ’ ಎಂಬ ಮಾತೂ ಉಳಿದಿರುವುದರಿಂದ ಅದಕ್ಕಿಂತಲೂ ಪ್ರಾಚೀನವಾದ ಟಾಯರುಶಾಖೆಯೊಂದು ಇದ್ದು ಲುಪ್ತವಾಗಿರಬೇಕೆಂದೂ ಊಹಿಸಬಲ್ಲನು. ಚಪ್ಪಲಿಗೆ ಟಾಯರು ಹಾಕುವ ಪದ್ಧತಿಯೂ ನಮ್ಮಲ್ಲುಂಟಾದುದರಿಂದ ಎರಡನೆಯ ಊಹೆಯಲ್ಲಿ ನಾನು ಹಟ ಹಿಡಿಯುವುದಿಲ್ಲ.

ಕೃತಿಯ ಅಂಗಗಳು ಹಲವು. ಪೀಠಿಕೆಯಲ್ಲಿ ಸಂಸ್ಥಾಪಕನ ಬಾಲ್ಯ, ಅವನ ಬಡತನ ಮತ್ತು ಅವನು ಬಾಡಿಗೆಗೆ ಪಡೆದ ಒಂದು ಶೆಡ್ಡು ಇರತಕ್ಕದ್ದು. ಅನಂತರ ಸಮಸ್ಯಾನಿರೂಪಣೆ. ರೋಗಕ್ಕೂ ರೋಗಲಕ್ಷಣಕ್ಕೂ ಭೇದವನ್ನರಿಯಬೇಕು, ಮಾರಾಟ ಇಳಿದುದು ಸಮಸ್ಯೆಯಲ್ಲ, ಅದು ಏಕೆ ಇಳಿಯಿತೆಂಬುದೇ ಸಮಸ್ಯೆ ಎಂದು ಆಕರಗ್ರಂಥಗಳು ಎಚ್ಚರಿಸುತ್ತವೆ. ನಮ್ಮ ಕೃತಿಕಾರರು ಈ ಎಚ್ಚರಿಕೆಯನ್ನೇ ಅಕ್ಷರಶಃ ಉದ್ಧರಿಸಿ, ಮರುಪುಟದಲ್ಲಿ ಮಾರಾಟ ಇಳಿದುದೇ ಸಮಸ್ಯೆಯೆಂದು ಬರೆಯುತ್ತಾರೆ. ಆಮೇಲೆ ಬರುವ ಪರ್ಯಾಯಗಳು ಮೂರೇ ಇರಬೇಕು: ಯಾವ ಬುದ್ಧಿವಂತನೂ ಒಪ್ಪದಂಥದು ಒಂದು, ಯಾವ ಖಜಾನೆಗೂ ನಿಲುಕದಂಥದು ಇನ್ನೊಂದು, ಪ್ರಕರಣವನ್ನು ಓದುವ ಮೊದಲೇ ವಿದ್ಯಾರ್ಥಿಯು ನಿಶ್ಚಯಿಸಿಕೊಂಡದ್ದು ಮತ್ತೊಂದು. ಸೋದರಮಾವನ ಮಗಳನ್ನೇ ತರುವುದೆಂದು ಮನಸ್ಸು ಮಾಡಿದ ಮನೆಯವರು ಊರ ಬಾಯಿಗೆ ಅಂಜಿ ಚಿಂಚಲಿಯಲ್ಲೊಂದು, ಕುಡಚಿಯಲ್ಲೊಂದು ಕನ್ಯೆಯನ್ನು ನೋಡಿ, ಅವಲಕ್ಕಿ ತಿಂದು ಬರುವ ಪದ್ಧತಿಯನ್ನು ಬಲ್ಲವರಿಗೆ ಇದರ ತತ್ತ್ವವನ್ನು ವಿವರಿಸಬೇಕಾದುದಿಲ್ಲ. ಯಥಾಸ್ಥಿತಿಯನ್ನೂ ಒಂದು ಪರ್ಯಾಯವೆಂದು ಎಣಿಸಬೇಕೆಂಬ ವಿಧಿಯಿದ್ದರೂ ಅದನ್ನು ನಮ್ಮ ಮಕ್ಕಳು ಬರೆಯುವುದಿಲ್ಲ. ಅದು ಸರಕಾರಕ್ಕೆ ಮೀಸಲೆಂಬ ಗೌರವಬುದ್ಧಿ ಕಾರಣವಿರಬಹುದು.

ವಿಶ್ಲೇಷಣೆಗೆ ಉಪಕರಣಗಳುಂಟು. ಅವುಗಳಲ್ಲಿ ಅತ್ಯಂತ ಜನಪ್ರಿಯವಾದ ಸ್ವಾಟ್ ಎಂಬುದು ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯಗಳೆಂಬ ನಾಲ್ಕು ಮನೆಗಳ ಒಂದು ಕುಂಡಲಿ. ಯಾವ ಗ್ರಹವನ್ನು ಯಾವ ಮನೆಯಲ್ಲಿ ಕೂರಿಸಿದರೂ ಕೆಡುಕಿಲ್ಲವೆಂಬುದೇ ಇದರ ಹೆಚ್ಚುಗಾರಿಕೆ. ಮಳೆಗೆ ಚಪ್ಪಲಿ ನೆನೆಯುವುದು ದೌರ್ಬಲ್ಯ, ಮಳೆ ಬರುವುದು ಅಪಾಯ, ಮಳೆ ವರ್ಷವಿಡೀ ಬಾರದಿರುವುದು ಅವಕಾಶ, ಬಂದರೂ ಗಿರಾಕಿಯು ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು ನಡೆಯುವುದು ಶಕ್ತಿ ಎಂದು ಒಂದೇ ಮಳೆಯಿಂದ ನಾಲ್ಕು ಮನೆಗಳನ್ನೂ ತುಂಬಿದ ಪ್ರತಿಭೆಯನ್ನು ನಾನು ಬಲ್ಲೆ. 1979ರಲ್ಲಿ ಮೈಕೆಲ್ ಪೋರ್ಟರ್ ಎಂಬಾತನು ಪ್ರತಿಪಾದಿಸಿದ ಪಂಚಬಲಗಳ ಸಿದ್ಧಾಂತವೂ ಬಳಕೆಯಲ್ಲಿದೆ; ಸಕ್ಕರೆ ಕಾರ್ಖಾನೆಯ ಅಧ್ಯಕ್ಷಗಿರಿಯೂ ವಿಧಾನಸಭೆಯ ಕುರ್ಚಿಯೂ ಎಷ್ಟೋ ವೇಳೆ ಒಂದೇ ಮನೆಯ ಪಡಸಾಲೆಯಲ್ಲಿರುವ ನಮ್ಮ ಸೀಮೆಯ ಆರನೆಯ ಬಲ ಆತನ ಗಮನಕ್ಕೆ ಬಂದಂತೆ ಕಾಣುವುದಿಲ್ಲ.

ಆದರೆ ನನಗೆ ಬಹುಕಾಲದಿಂದ ತೊಡಕಾಗಿರುವುದು 1970ರಲ್ಲಿ ಬೋಸ್ಟನ್ನಿನ ಸಲಹಾ ಸಂಸ್ಥೆಯೊಂದು ಬಿಡಿಸಿದ ಚೌಕ. ಅದರಂತೆ ಸಂಸ್ಥೆಯ ವ್ಯವಹಾರಗಳೆಲ್ಲವೂ ನಕ್ಷತ್ರ, ಪ್ರಶ್ನಾರ್ಥಕ, ಹಸು, ನಾಯಿ ಎಂಬ ನಾಲ್ಕು ವರ್ಗಗಳಿಗೆ ಸೇರುತ್ತವೆ. ಬೆಳವಣಿಗೆ ನಿಂತರೂ ಪಾಲು ದೊಡ್ಡದಾಗಿದ್ದು ನಿತ್ಯ ಹಣ ಕರೆಯುವುದು ಹಸು, ಎರಡೂ ಇಲ್ಲದ್ದು ನಾಯಿ. ನಾಯಿಯನ್ನು ತೊಲಗಿಸಬೇಕೆಂಬುದು ವಿಧಿ. ಇದನ್ನು ಬರೆದವರು ಕಬ್ಬಿನ ಹೊಲದಲ್ಲಿ ರಾತ್ರಿ ನೀರು ಹಾಯಿಸಿದವರಲ್ಲವೆಂಬುದು ಸ್ಪಷ್ಟ. ಮೂರು ಫೇಸಿನ ಕರೆಂಟು ನಡುರಾತ್ರಿ ಬಂದಾಗ ಜೊತೆಗೆ ಎದ್ದು ಬರುವ ಏಕೈಕ ಪ್ರಾಣಿಯನ್ನು ನಷ್ಟದ ಬಾಬಿಗೆ ಸೇರಿಸಲು ರೈತನಿಗೆ ಮನಸ್ಸು ಬಾರದು. ಅದಕ್ಕಿಂತ ಗುರುತರವಾದ ಆಕ್ಷೇಪವೆಂದರೆ, ಈ ಚೌಕದಲ್ಲಿ ಎಮ್ಮೆಗೆ ಸ್ಥಾನವೇ ಇಲ್ಲ. ಡೇರಿಗೆ ಹಾಕುವ ಹಾಲಿನಲ್ಲಿ ಫ್ಯಾಟು ನೋಡಿ ದರ ಕಟ್ಟುವ ಸೀಮೆಯಲ್ಲಿ, ಮೇವನ್ನು ಮಿತಿಯಿಲ್ಲದೆ ತಿಂದು, ಒಮ್ಮೊಮ್ಮೆ ಒದ್ದು, ಆದರೂ ಮನೆಯ ಸಂತೆಯ ಖರ್ಚನ್ನು ನೀಗಿಸುವ ಆ ಪ್ರಾಣಿಯನ್ನು ಬಿಟ್ಟು ಆರ್ಥಿಕ ವಿಚಾರವನ್ನು ಮಾಡುವುದು ಹೇಗೆ? ಐದನೆಯ ಮನೆಯೊಂದನ್ನು ಚೌಕಕ್ಕೆ ಸೇರಿಸಬೇಕೆಂದು ಸೂಚಿಸುತ್ತೇನೆ. ಆಗ ಅದು ಚೌಕವಾಗಿ ಉಳಿಯದೆಂಬ ಆಕ್ಷೇಪ ರೇಖಾಗಣಿತಕ್ಕೆ ಸೇರಿದ್ದು, ವಾಣಿಜ್ಯಕ್ಕೆ ಸೇರಿದ್ದಲ್ಲ.

ಈ ಉಪಕರಣಗಳೆಲ್ಲವೂ ನಮ್ಮ ಭಾಗದಲ್ಲಿ ಪ್ರಯೋಗವಾಗುವುದು ಬಹುಮಟ್ಟಿಗೆ ಸಿಯಾಟಲ್, ಡೆಟ್ರಾಯಿಟ್, ಟೋಕಿಯೋಗಳ ಮೇಲೆ. ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪಿತವಾದ ಕಂಪನಿಯೊಂದರ ಸಕ್ಕರೆ ಕಾರ್ಖಾನೆಯಿದೆ. ರೈಲಿನಲ್ಲಿ ಹೋದರೆ ಚಿಂಚಲಿ ಕುಡಚಿಗಳನ್ನು ದಾಟಿದೊಡನೆ ಅದರ ಚಿಮಣಿಯೂ, ಹಂಗಾಮಿನಲ್ಲಾದರೆ ಮೊಲಾಸಿಸ್ಸಿನ ವಾಸನೆಯೂ ಎದುರಾಗುತ್ತವೆ. ಆ ರೈಲಿನಲ್ಲಿ ದಿನವೂ ಓಡಾಡುವ ವಿದ್ಯಾರ್ಥಿಯು ತೊಡೆಯ ಮೇಲೆ ಕಡತವನ್ನಿಟ್ಟುಕೊಂಡು ಜಪಾನಿನ ಮೋಟಾರು ಕಂಪನಿಗೆ ದಾಸ್ತಾನು ಕಡಿಮೆ ಮಾಡಿಕೊಳ್ಳುವ ಉಪಾಯವನ್ನು ಹೇಳುತ್ತಿರುತ್ತಾನೆ. ಕಬ್ಬಿನ ಪ್ರಕರಣದಲ್ಲಿ ಅವನ ತಂದೆಯಾದರೋ ಪಾರಂಗತ. ಕಾಟಾದ ಮುಂದೆ ಟ್ರ್ಯಾಕ್ಟರು ಪಾಳಿ ಹಚ್ಚಿ ನಿಂತಾಗ ಕಬ್ಬು ಒಣಗಿ ತೂಕ ಎಷ್ಟು ಇಳಿಯುತ್ತದೆ, ಕಟಾವಿನ ಟೋಳಿಗೆ ಮುಂಗಡವೆಷ್ಟು ಹೋಯಿತು, ರಿಕವರಿ ಶೇಕಡಾ 10.25ಕ್ಕಿಂತ ಮೇಲಕ್ಕೆ ಏರಿದಂತೆ ದರ ಹೇಗೆ ಏರಬೇಕು, ಕಾರ್ಖಾನೆಯವರು ಹೇಳುವ ರಿಕವರಿಗೂ ತಾನು ಗಾಣದಲ್ಲಿ ಕಂಡ ಬೆಲ್ಲಕ್ಕೂ ತಾಳೆ ಬೀಳುತ್ತದೆಯೇ ಎಂಬುದನ್ನೆಲ್ಲ ಅವನು ಸ್ವಾಟಿನ ನೆರವಿಲ್ಲದೆ ಹೇಳಬಲ್ಲ. ಕಬ್ಬು ಕೊಟ್ಟ 14 ದಿನಗಳಲ್ಲಿ ಹಣ ಸಲ್ಲಬೇಕು, ತಪ್ಪಿದರೆ ಶೇಕಡಾ 15ರ ಬಡ್ಡಿ ಸೇರಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ವಿಧಿಸುತ್ತದೆ. ಈ ವಿಧಿಗೂ ಅದರ ಪಾಲನೆಗೂ ನಡುವಿನ ಅಂತರವೇ ನಮ್ಮ ಸೀಮೆಯ ಅತ್ಯಂತ ದೀರ್ಘವಾದ ಪ್ರಕರಣ. 2025ರ ನವೆಂಬರಿನಲ್ಲಿ ಪಕ್ಕದ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3500 ರೂಪಾಯಿ ಬೇಕೆಂದು ರಸ್ತೆಯಲ್ಲಿ ಕುಳಿತುದು, ಕೊನೆಗೆ ಸರಕಾರದಿಂದ 3300ರ ಘೋಷಣೆಯಾದುದು ಎಲ್ಲರಿಗೂ ನೆನಪಿದೆ. ಅಲ್ಲಿ ಪರ್ಯಾಯಗಳನ್ನು ತೂಗಿದವರು ಡಾಂಬರಿನ ಮೇಲೆ ಮಲಗಿದವರು. ಅವರಿಗೆ ಅಂಕ ಕೊಟ್ಟವರು ಯಾರೂ ಇಲ್ಲ.

ನಿಪ್ಪಾಣಿಯ ವಿಷಯದಲ್ಲಿ ಒಂದು ಮಾತು. ಬೀಡಿ ತಂಬಾಕಿಗೆ ನ್ಯಾಯವಾದ ಬೆಲೆಯನ್ನು ಬೇಡಿ 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ಅಲ್ಲಿ ರೈತರು ಹೆದ್ದಾರಿಯನ್ನು ತಡೆದು ಕುಳಿತರು, ಗೋಲೀಬಾರಾಯಿತು, ಪ್ರಾಣಗಳು ಹೋದವು. ಒಂದು ಕಡತದಲ್ಲಿ ಈ ಘಟನೆಯನ್ನು ‘ಪಾಲುದಾರರ ಅಸಂತೃಪ್ತಿ’ ಎಂಬ ಶೀರ್ಷಿಕೆಯ ಕೆಳಗೆ, ಪ್ಯಾಕಿಂಗಿನ ಬಣ್ಣಕ್ಕೂ ಜಾಹೀರಾತಿನ ಕೊರತೆಗೂ ನಡುವೆ, ಒಂದೂವರೆ ಸಾಲಿನಲ್ಲಿ ಸೇರಿಸಿದುದನ್ನು ಓದಿದೆ. ಹುಡುಗನ ತಪ್ಪೆನ್ನಲಾರೆ. ಅವನಿಗೆ ಕೊಟ್ಟ ಚೌಕದಲ್ಲಿ ಅದನ್ನಿಡಲು ಬೇರೆ ಮನೆಯಿರಲಿಲ್ಲ.

ಪ್ರತಿಯೊಂದು ಕೃತಿಯ ಅಂತ್ಯದಲ್ಲಿಯೂ ‘ಅಧ್ಯಯನದ ಮಿತಿಗಳು’ ಎಂಬ ಅಧ್ಯಾಯವುಂಟು. ಸಮಯಾಭಾವ, ಮಾಹಿತಿಯ ಅಭಾವ, ಸಂಸ್ಥೆಯವರು ಅಂಕಿಸಂಖ್ಯೆಗಳನ್ನು ಕೊಡದಿರುವುದು ಎಂದು ಅಲ್ಲಿ ಮೂರು ಕಾರಣಗಳನ್ನು ಕೊಡಲಾಗುತ್ತದೆ. ಇಡೀ ಗ್ರಂಥದಲ್ಲಿ ಸತ್ಯಕ್ಕೆ ಸಮೀಪವಾದ ಅಧ್ಯಾಯವಿದು. ಆದರೆ ಅದನ್ನೂ ನಕಲು ಮಾಡಿರುವುದರಿಂದ, ಯಾರ ಸಮಯಾಭಾವ ಯಾರಿಗೆ ಬಂತೆಂದು ನಿರ್ಣಯಿಸುವುದು ಕಷ್ಟ. ನಿಜವಾದ ಮಿತಿಗಳನ್ನು, ಎಂದರೆ ಅಕ್ಕನ ಮದುವೆ, ಕಬ್ಬಿನ ಕಟಾವು, ಚಿಂಚಲಿ ಮಾಯಕ್ಕನ ಜಾತ್ರೆಗಳನ್ನು, ಬರೆಯುವ ಧೈರ್ಯವನ್ನು ಯಾರೂ ಮಾಡಿಲ್ಲ.

ಇನ್ನು ಪಾದರಕ್ಷಾಪ್ರಕರಣವೊಂದು ಉಳಿಯಿತು. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ ಹದ ಮಾಡಿದ ತೊಗಲನ್ನು ಕತ್ತರಿಸಿ, ಮೊಳೆಯ ಸೋಂಕಿಲ್ಲದೆ ತೊಗಲಿನ ದಾರದಿಂದಲೇ ಹೊಲಿದು, ಪಟ್ಟಿಯ ಮೇಲೆ ಹೆಣಿಗೆ ಹಾಕಿ, ಎರಡು ಬದಿಗೆ ಕಿವಿಗಳನ್ನು ಕೂಡಿಸುವ ಈ ವಿದ್ಯೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು; ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸಮಪಾಲು. ಗಡಿಯ ವಿಷಯದಲ್ಲಿ ದಶಕಗಳಿಂದ ಹೊಂದಿಕೆಯಾಗದ ಎರಡು ರಾಜ್ಯಗಳು ಒಂದು ಜೊತೆ ಚಪ್ಪಲಿಯಲ್ಲಿ ಎಡಗಾಲು ಬಲಗಾಲುಗಳಂತೆ ಹೊಂದಿಕೊಂಡವು. ಅಥಣಿಯ ಟೋಹೋಲ್ಡ್ ಎಂಬ ಕುಶಲಕರ್ಮಿಗಳ ಕೂಟವನ್ನು ಕುರಿತು ಹೊರನಾಡಿನವರೇ ಪ್ರಕರಣಾಧ್ಯಯನ ಬರೆದದ್ದೂ ಉಂಟು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನದ ಪ್ರದರ್ಶನದಲ್ಲಿ ಇದೇ ಮಾಟದ ಚಪ್ಪಲಿಗಳನ್ನು ಮೂಲದ ಹೆಸರೆತ್ತದೆ ಮೆರೆಸಿ, ಕೋಲಾಹಲವಾದ ಮೇಲೆ ಮೂಲವನ್ನು ಒಪ್ಪಿಕೊಂಡು, ಡಿಸೆಂಬರಿನಲ್ಲಿ ಎರಡು ರಾಜ್ಯಗಳ ಚರ್ಮ ನಿಗಮಗಳೊಡನೆ 2000 ಜೊತೆಗಳನ್ನು ಇಲ್ಲಿಯೇ ಮಾಡಿಸುವ ಕರಾರು ಮಾಡಿಕೊಂಡಿತು. ಜೊತೆಯೊಂದಕ್ಕೆ ಸುಮಾರು 800 ಯೂರೋ ಎಂದು ವರದಿ. ಬೆಲೆ ಕಟ್ಟುವ ಅಧ್ಯಾಯವನ್ನು ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿಯಿಲ್ಲ. ಬೆಲೆಯನ್ನೇ ಮೀರಿದ ಪಾದರಕ್ಷೆಯ ಕಥೆಯೂ ನಮ್ಮಲ್ಲಿದೆ: ಹರಳಯ್ಯ ದಂಪತಿಗಳು ಮಾಡಿಕೊಟ್ಟುದನ್ನು ಬಸವಣ್ಣನವರು ಮೆಟ್ಟಲೊಪ್ಪದೆ ತಲೆಯ ಮೇಲಿಟ್ಟುಕೊಂಡರು. ಅದು ಯಾವ ಚೌಕಕ್ಕೂ ಸೇರದಾದುದರಿಂದ ಇಲ್ಲಿ ಚರ್ಚಿಸುವುದಿಲ್ಲ.

ಚಪ್ಪಲಿಯನ್ನು ಕುರಿತ ಕಡತವೊಂದು ವೈವಾಕ್ಕೆ ಬಂದಾಗ ನಾನು ಹಾಜರಿದ್ದೆನು. ಕಡತ ತೆಳ್ಳಗಿತ್ತು, ಬೈಂಡಿಂಗಿಲ್ಲ, ಪಂಚ್ ಮಾಡಿ ದಾರ ಕಟ್ಟಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಪುಟಗಳನ್ನು ಎರಡು ಬೆರಳುಗಳಲ್ಲಿ ಹಿಡಿದು ದಪ್ಪವನ್ನು ಅಂದಾಜು ಮಾಡಿ, ಎದುರು ನಿಂತ ಹುಡುಗಿಯನ್ನು ಕೇಳಿದರು:

“ಯಾವ ಕಂಪನೀನವಾ ಇದು?”

“ಕಂಪನಿ ಅಲ್ರಿ ಸರ. ನಮ್ಮ ಮನೀರಿ.”

“ಮನಿ ಅಂದ್ರ? ಆರ್ಗನೈಸೇಶನ್ ಸ್ಟ್ರಕ್ಚರ್ ಇರಬೇಕಲ್ಲ?”

“ಐತ್ರಿ. ಅಪ್ಪ ಅಟ್ಟಿ ಕತ್ತರಸ್ತಾನ್ರಿ, ಅವ್ವ ಹೆಣಿಗಿ ಹಾಕತಾಳ್ರಿ, ಕಾಕಾ ಮಾರಾಕ ಹೋಗ್ತಾನ್ರಿ. ಲೆಕ್ಕ ನಾ ಇಡ್ತೀನ್ರಿ.”

“ಪ್ರಾಬ್ಲಮ್ ಸ್ಟೇಟ್‌ಮೆಂಟ್ ಏನು?”

“ಮಳಿ ರಿ ಸರ. ಮಳಿಗಾಲದಾಗ ತೊಗಲ ಒಣಗಂಗಿಲ್ರಿ, ಗಿರಾಕಿನೂ ಇರಂಗಿಲ್ರಿ. ಆವಾಗ ವ್ಯಾಪಾರಿ ಕಡೆ ಮುಂಗಡ ತರಬೇಕ್ರಿ. ಮುಂಗಡ ತಂದಮ್ಯಾಲ ರೇಟ ಅವನ ಹೇಳೂದ್ರಿ.”

ಪರೀಕ್ಷಕರು ಪುಟ ತಿರುವಿದರು. ಜೊತೆಯೊಂದಕ್ಕೆ ತೊಗಲಿಗೆಷ್ಟು, ದಾರಕ್ಕೆಷ್ಟು, ಅವ್ವನ ಹೊತ್ತಿಗೆಷ್ಟು ಎಂದು ಕೈಬರಹದಲ್ಲಿ ಲೆಕ್ಕವಿತ್ತು. ಕಡೆಯ ಬಾಬಿನ ಮುಂದೆ ಸೊನ್ನೆಯಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡಿ, ಪರ್ಯಾಯಗಳು ಮೂರು ಇರಬೇಕಿತ್ತು, ಎರಡೇ ಇವೆಯೆಂದು ಆಕ್ಷೇಪಿಸಿ, 20ಕ್ಕೆ 13 ಅಂಕಗಳನ್ನು ಬರೆದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

“ಒಂಬತ್ತನೇ ನಂಬರ್ ಸಿಗ್ತಾವೇನವಾ?”

“ಸಿಗ್ತಾವ್ರಿ. ಹನ್ನೆರಡು ನೂರ್ರಿ.”

“ಎಂಟು ನೂರಕ್ಕ ಕೊಡು.”

“ಮಿಲಾನದಾಗ ಎಷ್ಟೈತಿ ಅಂತ ನಾಕನೇ ಪುಟದಾಗ ಬರದೇನ್ರಿ ಸರ.”

ಈಗ ಪರೀಕ್ಷಕರ ಮುಂದೆ ಶಾಸ್ತ್ರೋಕ್ತವಾಗಿ ಮೂರು ಪರ್ಯಾಯಗಳಿದ್ದವು: ಹನ್ನೆರಡು ನೂರನ್ನು ಎಣಿಸುವುದು, ಎಂಟು ನೂರಕ್ಕೆ ಹಟ ಹಿಡಿಯುವುದು, ಬಂದ ಕಾಲಲ್ಲೇ ಹಿಂದಿರುಗುವುದು. ಅವರು ನಾಲ್ಕನೆಯ ಪುಟವನ್ನು ತೆಗೆದು ನೋಡಿದರು, ಮೇಜಿನ ಕೆಳಗೆ ತಮ್ಮ ಬೂಟಿನ ಬಾಯ್ದೆರೆದ ಹೊಲಿಗೆಯನ್ನು ನೋಡಿಕೊಂಡರು, ಈ ಅಂಶದ ಮೇಲೆ ಹೆಚ್ಚಿನ ಅಧ್ಯಯನಕ್ಕೆ ಅವಕಾಶವಿದೆ ಎಂದು ಷರಾ ಬರೆದು, ಬಾಗಿಲ ಕಡೆ ತಿರುಗಿ ಮುಂದಿನವನನ್ನು ಕರೆದರು. ದಪ್ಪನೆಯ ಕಡತವನ್ನು ಎದೆಗವಚಿಕೊಂಡು ಬಂದ ಅವನು, ಕೇಳುವ ಮೊದಲೇ, ಟೋಕಿಯೋದ ಕಂಪನಿರಿ ಸರ ಎಂದನು.